ಫೋರ್ಕ್‌ಲಿಫ್ಟ್ ಕಂಪ್ಯೂಟರ್‌ಗೆ ವೈಫೈ ಮತ್ತು ಲೇಬಲ್ ಪ್ರಿಂಟರ್ ಜೋಡಿಸುವುದು ಹೇಗೆ?

ನೆಲಮಂಗಲ, ಹೊಸಕೋಟೆ ಕಡೆಯ ದೊಡ್ಡ ಗೋದಾಮುಗಳಂಥ ಜಾಗದಲ್ಲಿ ಪ್ರತಿ ಪ್ಯಾಲೆಟ್‌ಗೂ (ಸರಕು ಪೇರಿಸುವ ಹಲಗೆಗೂ) ಲೇಬಲ್ ತರಲು ಚಾಲಕ ಕಚೇರಿಗೆ ಹೋಗಿಬರುವುದು ವ್ಯರ್ಥ ಶ್ರಮ. ಫೋರ್ಕ್‌ಲಿಫ್ಟ್‌ನಲ್ಲೇ ಕಂಪ್ಯೂಟರ್ ಮತ್ತು ಪ್ರಿಂಟರ್ ಇದ್ದರೆ ಅದು ತಪ್ಪುತ್ತದೆ. ಆದರೆ ವಾಹನ ನಿಂತಿರುವಾಗ ಸಿಗ್ನಲ್ ಬಂತೆಂದು ಕೆಲಸ ಮುಗಿಸಬೇಡಿ. ಚಲಿಸುವಾಗಲೂ ಸಂಪರ್ಕ ಉಳಿಯಬೇಕು. ಇಲ್ಲಿನ ಕ್ರಮ ವಿಂಡೋಸ್ 10 ಕಂಪ್ಯೂಟರ್ ಹಾಗೂ ಝೀಬ್ರಾ ಮೊಬೈಲ್ ಪ್ರಿಂಟರ್‌ಗೆ ಹೊಂದುತ್ತದೆ.

ಮೊದಲು ವಿದ್ಯುತ್ ನೋಡಿ. ಫೋರ್ಕ್‌ಲಿಫ್ಟ್ ಬ್ಯಾಟರಿ 48 ಅಥವಾ 80 ವೋಲ್ಟ್ ಇರಬಹುದು. ಕಂಪ್ಯೂಟರ್ ಅಷ್ಟನ್ನು ತಾಳದಿದ್ದರೆ ನಡುವೆ ವೋಲ್ಟೇಜ್ ತಗ್ಗಿಸುವ ಡಿಸಿ ಕನ್ವರ್ಟರ್ ಬೇಕು. ಬಾಹ್ಯ ಆಂಟೆನಾ ಇದ್ದರೆ ಲೋಹದ ಕಂಬಗಳ ಮರೆಯಾಗದಂತೆ ಮೇಲೆ ಕೂರಿಸಿ.

ಬಳಿಕ ದಿನಾಂಕ, ಸಮಯ ಸರಿಪಡಿಸಿ. ಡಿಜಿಟಲ್ ಪ್ರಮಾಣಪತ್ರ (ಗುರುತು ಸಾಬೀತುಪಡಿಸುವ ಕಡತ) ಕೇಳುವ ವೈಫೈ ಜಾಲವು ತಪ್ಪು ದಿನಾಂಕದ ಕಂಪ್ಯೂಟರನ್ನು ಒಳಗೆ ಬಿಡದಿರಬಹುದು, ಪಾಸ್‌ವರ್ಡ್ ಸರಿಯಿದ್ದರೂ ಅಷ್ಟೇ.

ಈಗ ವೈಫೈ. ಗೋದಾಮಿನ ಜಾಲವನ್ನು ಆರಿಸಿ, ತಾನಾಗಿ ಸಂಪರ್ಕಗೊಳ್ಳುವ ಆಯ್ಕೆಗೆ ಗುರುತು ಹಾಕಿ. ಅತಿಥಿ ಜಾಲ ಬೇಡ. ಅಲ್ಲಿ ಸಾಧನಗಳು ಪರಸ್ಪರ ಕಾಣದಂತೆ ತಡೆ ಇರುವುದು ಸಾಮಾನ್ಯ, ಆಗ ಇಂಟರ್‌ನೆಟ್ ಬಂದರೂ ಮುದ್ರಣ ಆಗದು. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ತೆರೆದು, ವಿದ್ಯುತ್ ಉಳಿಸಲು ಅದನ್ನು ಆಫ್ ಮಾಡುವ ಅನುಮತಿಯನ್ನು ತೆಗೆದುಹಾಕಿ.

ಪ್ರಿಂಟರನ್ನೂ ಅದೇ ಜಾಲಕ್ಕೆ ಸೇರಿಸಿ. ಫೀಡ್ ಗುಂಡಿ (ಲೇಬಲ್ ಮುಂದೆ ತಳ್ಳುವ ಗುಂಡಿ) ಒತ್ತಿ ಹಿಡಿದು ಪ್ರಿಂಟರ್ ಆನ್ ಮಾಡಿದರೆ ಅದರ ವಿವರಗಳ ಚೀಟಿ ಬರುತ್ತದೆ; ಐಪಿ ವಿಳಾಸ, ಅಂದರೆ ಜಾಲದಲ್ಲಿ ಪ್ರಿಂಟರನ್ನು ಗುರುತಿಸುವ ಸಂಖ್ಯೆ, ಅದರಲ್ಲಿರುತ್ತದೆ. ಆ ವಿಳಾಸವನ್ನು ಜಾಲದ ಉಸ್ತುವಾರಿಯವರಿಂದ ಕಾಯ್ದಿರಿಸಿಕೊಳ್ಳಿ. ದಯವಿಟ್ಟು ಈ ಹೆಜ್ಜೆ ಬಿಡಬೇಡಿ. ವಿಳಾಸ ಬದಲಾದರೆ ಕಂಪ್ಯೂಟರ್ ಹಳೆಯದಕ್ಕೇ ಲೇಬಲ್ ಕಳುಹಿಸುತ್ತಿರುತ್ತದೆ, ತೊಂದರೆ ಮಾತ್ರ ಚಾಲಕನಿಗೆ.

ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಸೇರಿಸುವಾಗ ಟಿಸಿಪಿ/ಐಪಿ ವಿಳಾಸದ ಆಯ್ಕೆಯನ್ನು ಹಿಡಿಯಿರಿ. ವಿಧಾನ ‘ರಾ’ (Raw), ಪೋರ್ಟ್ 9100. ಪ್ರಿಂಟರ್ ಡ್ರೈವರ್‌ನಲ್ಲಿ ನಿಮ್ಮ ಲೇಬಲ್‌ನ ನಿಜವಾದ ಅಗಲ, ಉದ್ದ ಕೊಡಿ. ಅಳತೆ ತಪ್ಪಿದರೆ ಬಾರ್‌ಕೋಡ್ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ, ಸ್ಕ್ಯಾನರ್ ಓದುವುದಿಲ್ಲ.

ಇನ್ನು ಪರೀಕ್ಷೆ. ಪ್ರಿಂಟರ್ ವಿಳಾಸಕ್ಕೆ ಪಿಂಗ್ ಆದೇಶವನ್ನು (ಸಾಧನ ಉತ್ತರಿಸುತ್ತಿದೆಯೇ ಎಂದು ಕೇಳುವ ಆದೇಶ) ನಿರಂತರವಾಗಿ ಓಡಲು ಬಿಟ್ಟು, ರ್‍ಯಾಕ್‌ಗಳ ಎಲ್ಲ ಸಾಲುಗಳಲ್ಲೂ ಎಂದಿನ ವೇಗದಲ್ಲಿ ಸಾಗಿ. ಓಡಿಸುವಾಗ ಪರದೆ ನೋಡಲೇಬಾರದು. ಪ್ರತಿ ಸಾಲಿನ ಕೊನೆಯಲ್ಲಿ ನಿಲ್ಲಿಸಿ ಉತ್ತರ ತಪ್ಪಿದ ಸಾಲನ್ನು ಗುರುತು ಮಾಡಿಕೊಳ್ಳಿ, ಒಂದು ಲೇಬಲ್ ಮುದ್ರಿಸಿ. ಸರಕು ತುಂಬಿದ ದಿನವೇ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ನೀರಿನ ಬಾಟಲಿ, ಲೋಹದ ಡಬ್ಬಗಳ ರಾಶಿ ಸಿಗ್ನಲನ್ನು ಹೀರುತ್ತದೆ ಅಥವಾ ತಡೆಯುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಂಪರ್ಕ ಕಡಿದರೆ ಅಡಾಪ್ಟರ್‌ನ ರೋಮಿಂಗ್ ತೀವ್ರತೆಯನ್ನು (ಹೆಚ್ಚು ಸಿಗ್ನಲ್ ಇರುವ ಕಡೆಗೆ ಸಂಪರ್ಕ ಬದಲಿಸುವ ಚುರುಕನ್ನು) ಒಂದು ಹಂತ ಹೆಚ್ಚಿಸಿ ನೋಡಿ. ಆಗಲೂ ಸರಿಹೋಗದಿದ್ದರೆ ಆ ಸಾಲಿಗೆ ಇನ್ನೊಂದು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡುವ ಸಾಧನ) ಬೇಕು.

ಸಂಪರ್ಕ ಕಡಿದಾಗ ಮುದ್ರಣದ ಗುಂಡಿಯನ್ನು ಪದೇಪದೇ ಒತ್ತಬಾರದೆಂದು ಚಾಲಕರಿಗೆ ತಿಳಿಸಿ. ಕಂಪ್ಯೂಟರ್‌ನ ಮುದ್ರಣ ಸರದಿಯಲ್ಲಿ ಉಳಿದ ಲೇಬಲ್‌ಗಳು ಸಂಪರ್ಕ ಮರಳಿದೊಡನೆ ಒಟ್ಟಿಗೆ ಹೊರಬಂದು ಬೇರೆ ಪ್ಯಾಲೆಟ್‌ಗೆ ಅಂಟಿಕೊಳ್ಳಬಹುದು. ಮೊದಲು ಸರದಿಯನ್ನು ಖಾಲಿ ಮಾಡಿ, ಎದುರಿರುವ ಪ್ಯಾಲೆಟ್‌ನ ಸಂಖ್ಯೆಯನ್ನು ನೋಡಿಕೊಂಡು ಮತ್ತೆ ಮುದ್ರಿಸಲಿ.