ಹನ್ನೆರಡು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಹತ್ತೊಂಬತ್ತು ಅಂಕಿಯ ಅವಿಭಾಜ್ಯ: ನನ್ನ ಅನುಭವ

2ರ 61ನೆಯ ಘಾತದಿಂದ 1 ಕಳೆದರೆ ಸಿಗುವ 2305843009213693951 ಅವಿಭಾಜ್ಯವೆಂಬುದನ್ನು ಅಂಗಡಿಯವರು ಬಳಸುವ ಕ್ಯಾಲ್ಕುಲೇಟರಿನಲ್ಲೇ ತೋರಿಸುತ್ತೇನೆ ಎಂದಾಗ, ಬದಿಯಡ್ಕದಲ್ಲಿ ನನ್ನೊಡನೆ ಗಣಿತ ಕಲಿಸಿ ನಿವೃತ್ತರಾದ ಮಿತ್ರರು "ಮಾಷ್ಟ್ರೇ, ಅದಕ್ಕೆ ಕಂಪ್ಯೂಟರ್ ಇದೆಯಲ್ಲ" ಎಂದು ನಕ್ಕಿದ್ದರು. 1883ರಲ್ಲಿ ರಷ್ಯಾದ ಹಳ್ಳಿಗಾಡಿನ ಪಾದ್ರಿ ಪೆರ್ವುಶಿನ್ ಯಾವ ಯಂತ್ರವೂ ಇಲ್ಲದೆ ಇದನ್ನು ಸಾಧಿಸಿದ್ದರೆಂಬುದೇ ನನಗಿದ್ದ ಧೈರ್ಯ.

2ರ ಘಾತದಿಂದ 1 ಕಳೆದ ಇಂಥ ಸಂಖ್ಯೆ ಅವಿಭಾಜ್ಯವೇ ಎಂದು ನೋಡಲು ಲೂಕಾಸ್–ಲೆಹ್ಮರ್ ಪರೀಕ್ಷೆ ಇದೆ: 4ರಿಂದ ಹೊರಟು, ವರ್ಗ ಮಾಡಿ, 2 ಕಳೆದು, ಆ ಸಂಖ್ಯೆಯಿಂದ ಭಾಗಿಸಿ ಶೇಷ ಹಿಡಿಯುತ್ತ 59 ಹೆಜ್ಜೆ ನಡೆದರೆ ಸೊನ್ನೆ ಬರಬೇಕು. 14, 194, 37634 ಎಂದು ಮೊದಲ ಐದು ಹೆಜ್ಜೆಗಳಿಗೆ ಭಾಗಾಕಾರವೇ ಬೇಡ. ಆರನೆಯದರಿಂದ ದಿನಕ್ಕೊಂದು ಹೆಜ್ಜೆ ಮುಗಿದರೆ ಪುಣ್ಯ. ಸಂಖ್ಯೆಯನ್ನು ಬಲದಿಂದ ಆರಾರು ಅಂಕಿಗಳ ತುಂಡು ಮಾಡಿದರೆ ಯಾವ ಎರಡು ತುಂಡುಗಳ ಗುಣಲಬ್ಧವೂ ಪರದೆಯಲ್ಲಿ ಹಿಡಿಯುತ್ತದೆ. ಶೇಷವು ಮೂಲ ಸಂಖ್ಯೆಯ ಅರ್ಧಕ್ಕಿಂತ ದೊಡ್ಡದಾದರೆ ಆ ಸಂಖ್ಯೆಯಿಂದ ಅದನ್ನು ಕಳೆದು, ಉಳಿದದ್ದನ್ನು ವರ್ಗ ಮಾಡುತ್ತಿದ್ದೆ. ವರ್ಗದಲ್ಲಿ ಚಿಹ್ನೆ ಅಳಿಯುತ್ತದೆ. ಭಾಗಾಕಾರಕ್ಕೆ ಆ ಸಂಖ್ಯೆಯ ಮಗ್ಗಿಯನ್ನು ರಟ್ಟಿನ ಮೇಲೆ ಬರೆದಿಟ್ಟುಕೊಂಡಿದ್ದೆ. ಭಾಗಲಬ್ಧವನ್ನು ಅರ್ಧ ಸಮಯದಲ್ಲಿ ತೆಗೆಯುವ ಇನ್ನೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಮೊದಲ ಮಳೆಗಾಲವಿಡೀ ದುಡಿದು ಕೊನೆಗೆ ಸಿಕ್ಕಿದ್ದು ಸೊನ್ನೆಯಲ್ಲ, ಹದಿನೆಂಟು ಅಂಕಿಗಳ ಒಂದು ಶೇಷ. ಹಿಂದಕ್ಕೆ ಹುಡುಕಿದರೆ, ಹದಿನೇಳನೆಯ ಹೆಜ್ಜೆಯ ಸುಮಾರಿಗೆ 73 ಎಂಬಲ್ಲಿ 37 ಎಂದು ಬರೆದಿದ್ದೆ. ನಾನು ಒಂಬತ್ತರ ತಾಳೆಯನ್ನು (9ರಿಂದ ಭಾಗಿಸಿದಾಗ ಲೆಕ್ಕದ ಎರಡೂ ಕಡೆ ಒಂದೇ ಶೇಷ ಬರುವುದೇ ಎಂದು) ಮಾತ್ರ ನೋಡುತ್ತಿದ್ದುದರಿಂದ, ಅಂಕಿಗಳು ಅದಲುಬದಲಾದ ಆ ತಪ್ಪು ಕಣ್ಣಿಗೆ ಬೀಳಲಿಲ್ಲ. ಹನ್ನೊಂದರ ತಾಳೆಗೆ ಅಕ್ಕಪಕ್ಕದ ಅಂಕಿಗಳ ಅದಲುಬದಲು ತಪ್ಪದೆ ಸಿಗುತ್ತದೆ. ಅದೃಷ್ಟಕ್ಕೆ ಈ ಸಂಖ್ಯೆಯನ್ನು 9ರಿಂದ ಭಾಗಿಸಿದರೂ 11ರಿಂದ ಭಾಗಿಸಿದರೂ ಶೇಷ 1, ಆದ್ದರಿಂದ ತಾಳೆ ನೋಡುವಾಗ ಭಾಗಲಬ್ಧವನ್ನು ಹಾಗೆಯೇ ಶೇಷಕ್ಕೆ ಕೂಡಿದರೆ ಸಾಕು. ಖರ್ಚು ಒಟ್ಟು ಸಾವಿರದ ಇನ್ನೂರು ರೂಪಾಯಿ ಆಗಿರಬೇಕು: ಉದ್ದದ ನಾಲ್ಕು ನೋಟ್ ಪುಸ್ತಕಗಳು ಮತ್ತು ಎರಡು ಕ್ಯಾಲ್ಕುಲೇಟರ್. ಮೊದಲನೆಯದು ಅಗ್ಗದ್ದು, ಅದರ 8ರ ಗುಂಡಿ ಒಮ್ಮೆ ಒತ್ತಿದರೆ ಎರಡು ಸಲ ಮೂಡುತ್ತಿತ್ತು.

ಎರಡನೆಯ ಸಲಕ್ಕೆ ಕೈ ಪಳಗಲೆಂದು, 1772ರಲ್ಲಿ ಆಯ್ಲರ್ ಅವಿಭಾಜ್ಯವೆಂದು ತೋರಿಸಿದ 2147483647ರ (2ರ 31ನೆಯ ಘಾತಕ್ಕೆ 1 ಕಡಿಮೆ) ಮೇಲೆ 29 ಹೆಜ್ಜೆಗಳನ್ನು ನಾಲ್ಕೈದು ಸಂಜೆಗಳಲ್ಲಿ ಮುಗಿಸಿದೆ. ಇಂಥ ಅವಿಭಾಜ್ಯ ಕೊಡುವ ಘಾತಗಳೆಂದು ಫ್ರಾನ್ಸಿನ ಮರ್ಸೆನ್ 1644ರಲ್ಲಿ ಮಾಡಿದ ಪಟ್ಟಿಯಲ್ಲಿ 61ನ್ನು ಬಿಟ್ಟು, ತಪ್ಪಾಗಿ ಸೇರಿಸಿದ್ದ 67ನ್ನೂ ಹಿಡಿದು ಇಪ್ಪತ್ತು ಹೆಜ್ಜೆ ನಡೆದು ಕೈಬಿಟ್ಟೆ. ಕೊನೆಯಲ್ಲಿ ಸೊನ್ನೆ ಬಾರದಿದ್ದರೆ ಅದು ಸಂಖ್ಯೆಯ ಗುಣವೋ ನನ್ನ ತಪ್ಪೋ ಎಂದು ಹೇಳುವವರಾರು?

ಮರುವರ್ಷ ಶ್ರಾವಣದಲ್ಲಿ 58ನೆಯ ಹೆಜ್ಜೆ ಮುಗಿದಾಗ, ದಿನವೂ ಕಾಗದದ ಅಂಚು ಮುಟ್ಟುತ್ತಿದ್ದ ಶೇಷ ಹತ್ತೇ ಅಂಕಿಗಳಿಗೆ ಇಳಿದಿತ್ತು: 2147483648, ಅಂದರೆ 2ರ 31ನೆಯ ಘಾತ. ಮುಂದಿನದಕ್ಕೆ ಕ್ಯಾಲ್ಕುಲೇಟರ್ ಮುಟ್ಟಬೇಕಾಗಲಿಲ್ಲ. ಅದರ ವರ್ಗದಿಂದ 2 ಕಳೆದರೆ 4611686018427387902, ನಮ್ಮ ಸಂಖ್ಯೆಯ ಸರಿಯಾಗಿ ಎರಡರಷ್ಟು, ಅಂದರೆ ಶೇಷ ಸೊನ್ನೆ. ಆ ಪುಟವನ್ನು ಮಿತ್ರರ ಮನೆಗೇ ಒಯ್ದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಹನ್ನೊಂದರ ತಾಳೆಯನ್ನು ತಾವೇ ನೋಡಿದರು.