ಹಳೆಯ ವಿಜ್ಞಾನ ಪಾಠಗಳನ್ನು ಮತ್ತೆ ನೆನಪಿಸುವುದು ಹೇಗೆ?

ಹೊಸ ಪಾಠ ಶುರು ಮಾಡುವ ಮೊದಲು ಹಳೆಯದನ್ನು ಒಮ್ಮೆ ನೆನಪಿಸಬೇಕು. ಸಾಮಾನ್ಯವಾಗಿ ಟೀಚರ್ ಹತ್ತು ನಿಮಿಷ ಹಿಂದಿನದನ್ನೇ ಮತ್ತೆ ಹೇಳುತ್ತಾರೆ, ಮಕ್ಕಳು ತಲೆಯಾಡಿಸುತ್ತಾರೆ. ಎಲ್ಲೋ ಕೇಳಿದ ಹಾಗೆ ಅನಿಸುವುದೇ ಬೇರೆ, ಗೊತ್ತಿರುವುದೇ ಬೇರೆ ಅಲ್ವಾ?

ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹವನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ನೆನಪಿದ್ದಷ್ಟನ್ನು ನೋಡದೆ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದು ಹೆಚ್ಚು ನೆನಪಿತ್ತು. ಒಂದು ವಾರ ಬಿಟ್ಟು ಕೇಳಿದಾಗ ನೋಡದೆ ಬರೆದದ್ದೇ ಹೆಚ್ಚು ಉಳಿದಿತ್ತು. ಹಾಗಾಗಿ ಕೆಳಗಿನ ಎಲ್ಲ ಚಟುವಟಿಕೆಗೂ ನಿಯಮ ಒಂದೇ. ಪುಸ್ತಕ ಮುಚ್ಚಿರಬೇಕು, ಮೊದಲು ಮಕ್ಕಳೇ ನೆನಪು ಮಾಡಿಕೊಳ್ಳಬೇಕು.

ಖಾಲಿ ಹಾಳೆಯಿಂದ ಶುರು ಮಾಡಿ

ಹಲಗೆಯ ಮೇಲೆ ಒಂದೇ ಪದ ಬರೆಯಿರಿ, ‘ಜೀರ್ಣಕ್ರಿಯೆ’ ಅಂತಿಟ್ಟುಕೊಳ್ಳಿ. ನಾಲ್ಕು ನಿಮಿಷ ಯಾರೂ ಮಾತಾಡದೆ ಗೊತ್ತಿದ್ದದ್ದನ್ನೆಲ್ಲ ಬರೆಯಲಿ, ಚಿತ್ರವೂ ಆಗಬಹುದು. ಆಮೇಲೆ ಪಕ್ಕದವರ ಹಾಳೆ ನೋಡಿ, ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಲಿ. ಕೊನೆಗೆ ಪುಸ್ತಕ ತೆರೆದು ತಾಳೆ ನೋಡಲಿ. ಎರಡನೆಯ ಬಣ್ಣ ಎಲ್ಲಿ ಜಾಸ್ತಿ ಕಾಣುತ್ತದೋ ಅಲ್ಲಿಂದ ನೀವು ಪಾಠ ಶುರು ಮಾಡಬಹುದು.

ಮಕ್ಕಳೇ ಕಣಗಳಾಗಲಿ

ಬೆಂಚುಗಳನ್ನು ಸರಿಸಿ ಜಾಗ ಮಾಡಿ. ‘ಘನ’ ಎಂದಾಗ ಎಲ್ಲರೂ ಒತ್ತಾಗಿ, ಸಾಲುಸಾಲಾಗಿ ನಿಲ್ಲಬೇಕು. ‘ದ್ರವ’ ಎಂದಾಗ ಹತ್ತಿರವೇ ಇದ್ದು ಒಬ್ಬರ ಪಕ್ಕ ಒಬ್ಬರು ಜಾರಬೇಕು. ‘ಅನಿಲ’ ಎಂದಾಗ ಕೋಣೆಯ ತುಂಬ ಚದುರಬೇಕು. ಆದರೆ ಇದನ್ನೆಲ್ಲ ನೀವು ಮೊದಲೇ ಹೇಳಿಕೊಡಬೇಡಿ, ಅವರೇ ತೋರಿಸಲಿ.

ಇಲ್ಲಿ ನಿಮ್ಮ ಕಣ್ಣು ಚುರುಕಾಗಿರಬೇಕು. ಘನ ಎಂದ ಕೂಡಲೇ ಕೆಲವರು ಅಲುಗದೆ ನಿಲ್ಲುತ್ತಾರೆ. ಘನದ ಕಣಗಳೂ ಇದ್ದಲ್ಲೇ ನಡುಗುತ್ತಿರುತ್ತವೆ ಎಂಬುದು ಅವರಿಗೆ ಮರೆತಿದೆ. ‘ಈಗ ಬಿಸಿ ಮಾಡಿದೆವು’ ಎಂದಾಗ ಕೆಲವರು ಕೈ ಚಾಚಿ ತಾವೇ ದಪ್ಪವಾಗುತ್ತಾರೆ. ಆಗ ಆಟ ನಿಲ್ಲಿಸಿ, ‘ಕಣ ದೊಡ್ಡದಾಯಿತಾ, ಕಣಗಳ ನಡುವಿನ ಅಂತರ ಹೆಚ್ಚಾಯಿತಾ?’ ಎಂದು ಕೇಳಿ. ಲಿಖಿತ ಪರೀಕ್ಷೆಯಲ್ಲಿ ಈ ತಪ್ಪು ಹೊರಬರುವುದೇ ಅಪರೂಪ. ನನಗೆ ಈ ಚಟುವಟಿಕೆ ತುಂಬ ಇಷ್ಟವಾಗುವುದು ಇದಕ್ಕೇ.

ಮೈದಾನದಲ್ಲಿ ಸೌರವ್ಯೂಹ

ಸೂರ್ಯನಿಂದ ಭೂಮಿಗಿರುವ ಸುಮಾರು 15 ಕೋಟಿ ಕಿಲೋಮೀಟರ್ ದೂರವನ್ನು ಒಂದು ಹೆಜ್ಜೆ ಅಂತಿಟ್ಟುಕೊಳ್ಳಿ. ಮಕ್ಕಳು ಮೊದಲು ಅಂದಾಜಿನಲ್ಲಿ ಗ್ರಹಗಳಾಗಿ ನಿಲ್ಲಲಿ. ಬಹುತೇಕ ಎಲ್ಲರೂ ಸಮ ಅಂತರದಲ್ಲಿ ನಿಲ್ಲುತ್ತಾರೆ, ಪುಸ್ತಕದ ಚಿತ್ರ ಇರುವುದೇ ಹಾಗೆ. ನಂತರ ಸರಿಪಡಿಸಿ. ಮಂಗಳ ಒಂದೂವರೆ ಹೆಜ್ಜೆ, ಗುರು ಐದು, ಶನಿ ಒಂಬತ್ತೂವರೆ, ಯುರೇನಸ್ 19, ನೆಪ್ಚೂನ್ 30.

ತಪ್ಪಿರುವ ಚಿತ್ರ

ಬೇಕೆಂದೇ ತಪ್ಪು ಚಿತ್ರ ಬರೆದು ಕೊಡಿ. ಬಲ್ಬಿನ ಎರಡೂ ವೈರ್ ಸೆಲ್ಲಿನ ಒಂದೇ ತುದಿಗೆ ಸೇರಿರಲಿ. ಆಹಾರ ಸರಪಳಿಯಲ್ಲಿ ಬಾಣ ಹಾವಿನಿಂದ ಕಪ್ಪೆಯ ಕಡೆಗಿರಲಿ. ತಪ್ಪು ಹುಡುಕಿದರೆ ಸಾಲದು, ಯಾಕೆ ತಪ್ಪು ಎಂದೂ ಹೇಳಬೇಕು. ಬಾಣ ತೋರಿಸುವುದು ಶಕ್ತಿ ಹರಿಯುವ ದಿಕ್ಕನ್ನು, ಅದು ಕಪ್ಪೆಯಿಂದ ಹಾವಿಗೆ ಹೋಗುತ್ತದೆ.

ಮರದ ತೂಕ ಎಲ್ಲಿಂದ ಬಂತು?

ದ್ಯುತಿಸಂಶ್ಲೇಷಣೆಯ ವ್ಯಾಖ್ಯೆ ಒಪ್ಪಿಸುವ ಮಕ್ಕಳೂ ಈ ಪ್ರಶ್ನೆಗೆ ‘ಮಣ್ಣಿನಿಂದ’ ಎಂದುಬಿಡುತ್ತಾರೆ. ಮೊದಲು ಉತ್ತರವನ್ನು ಚೀಟಿಯಲ್ಲಿ ಬರೆಸಿ. ಆಮೇಲೆ 17ನೆಯ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ ಅವರ ಪ್ರಯೋಗ ಹೇಳಿ. ಅವರು ಒಂದು ವಿಲೋ ಸಸಿಗೆ ಐದು ವರ್ಷ ಬರೀ ನೀರು ಹಾಕಿದರು. ಗಿಡದ ತೂಕ ಸುಮಾರು 74 ಕಿಲೋ ಹೆಚ್ಚಿತು. ಕುಂಡದ ಮಣ್ಣು ಕಡಿಮೆಯಾದದ್ದು ಸುಮಾರು 57 ಗ್ರಾಂ ಅಷ್ಟೇ! ಅಷ್ಟೂ ತೂಕ ನೀರಿನದೇ ಎಂದುಕೊಂಡರು ಅವರು. ‘ಅವರು ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ?’ ಎಂದು ತಂಡಗಳಿಗೆ ಚರ್ಚೆಗೆ ಬಿಡಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ತನಕ ಅವರೇ ಬರಲಿ. ಅವಸರ ಮಾಡಬೇಡಿ, ಇದಕ್ಕೆ ಒಂದು ಪೀರಿಯಡ್ ಪೂರ್ತಿ ಕೊಟ್ಟರೂ ನಷ್ಟವಿಲ್ಲ.

ಇವುಗಳಿಗೆ ಅಂಕ ಕೊಡಬೇಡಿ. ಅಂಕ ಬಂತೆಂದರೆ ಮಕ್ಕಳು ಗೊತ್ತಿಲ್ಲದ್ದನ್ನು ಮುಚ್ಚಿಡಲು ನೋಡುತ್ತಾರೆ. ಬದಲಿಗೆ ತರಗತಿಯಲ್ಲಿ ಹೆಚ್ಚು ಜನ ತಪ್ಪಿದ ಪ್ರಶ್ನೆಗಳನ್ನು ಒಂದು ಡಬ್ಬಿಗೆ ಹಾಕಿ. ಒಂದು ವಾರದ ನಂತರ ಅದರಿಂದ ಮೂರು ಚೀಟಿ ತೆಗೆದು ಕೇಳಿ, ತಿಂಗಳ ನಂತರ ಮತ್ತೊಮ್ಮೆ. ಎರಡೂ ಸಲ ಸರಿಯಾಗಿ ಉತ್ತರ ಬಂದ ಚೀಟಿಯನ್ನು ಮಾತ್ರ ಡಬ್ಬಿಯಿಂದ ತೆಗೆಯಿರಿ.