ಖಾಲಿ ಫಾರಂ ಹಿಡಿದು ಬನ್ನಿ: ಶಿವಮೊಗ್ಗದ ನಮ್ಮ ಖಾಸಗಿತನದ ಕೂಟ

ಜನರ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಬಗ್ಗೆ ಮಾತಾಡುವ ನಮ್ಮ ಕೂಟಕ್ಕೆ ಬರುವವರಿಗೆ ಒಂದೇ ಷರತ್ತು: ನಿಮ್ಮ ಕಚೇರಿಯ ಒಂದು ಖಾಲಿ ಫಾರಂ ಜೊತೆಗಿರಲಿ. ಸೊಸೈಟಿಯ ಸದಸ್ಯತ್ವದ ಅರ್ಜಿ, ಆಸ್ಪತ್ರೆಯ ನೋಂದಣಿ ಚೀಟಿ, ಅಡಿಕೆ ಮಂಡಿಯ ಖಾತೆ ಹಾಳೆ, ಹೋಂಸ್ಟೇಯ ರಿಜಿಸ್ಟರಿನ ಒಂದು ಪುಟ, ಯಾವುದಾದರೂ ಸರಿ. ಉದ್ಘಾಟನೆ, ದೀಪ, ಶಾಲು, ಹಾರ ಯಾವುದೂ ಇಲ್ಲ. ಹತ್ತೂವರೆಗೆ ಮೇಜಿನ ಸುತ್ತ ಕೂತರೆ ಊಟದ ಹೊತ್ತಿಗೆ ಆ ಫಾರಂಗಳ ತುಂಬ ಕೆಂಪು ಗೆರೆ ಬಿದ್ದಿರುತ್ತದೆ.

ಸಹಕಾರ ಸಂಘಗಳ ಲೆಕ್ಕಪತ್ರದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕಸುಬು. ಶಿವಮೊಗ್ಗದಲ್ಲಿ ಮನೆ, ಕೆಲಸ ಮಾತ್ರ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆ. ಡೇಟಾ ರಕ್ಷಣೆಯ ಕುರಿತ ಸಭೆಗಳಿಗೆ ಬೆಂಗಳೂರಿಗೆ ಹೋಗುತ್ತಿದ್ದೆ. ಅಲ್ಲಿ ಕಲಿತದ್ದು ಬಹಳ, ಅದನ್ನು ಮನಸಾರೆ ಹೇಳುತ್ತೇನೆ. ಆದರೆ ಅಲ್ಲಿನ ಮಾತೆಲ್ಲ ಕಾನೂನು ವಿಭಾಗ, ಭದ್ರತಾ ತಂಡ, ಅದಕ್ಕೆಂದೇ ಒಬ್ಬ ಅಧಿಕಾರಿ ಇರುವ ಕಂಪನಿಗಳದ್ದು. ನಮ್ಮ ಕಡೆಯ ಸೊಸೈಟಿಯಲ್ಲಿ ಕಾರ್ಯದರ್ಶಿಯೇ ಮ್ಯಾನೇಜರ್, ಅವರೇ ಕ್ಯಾಷಿಯರ್, ಗೊಬ್ಬರದ ಲೋಡು ಇಳಿಸಿಕೊಳ್ಳುವವರೂ ಅವರೇ. ಸಾವಿರಾರು ಜನರ ಆಧಾರ್, ಪಹಣಿ, ಸಾಲದ ವಿವರ ಅವರ ಕೈಯಲ್ಲಿದೆ. ಅವರೊಡನೆ ಈ ವಿಷಯ ಮಾತಾಡುವವರೇ ಇಲ್ಲ ಅನ್ನಿಸಿದಾಗ ಒಬ್ಬ ವಕೀಲರು, ಒಬ್ಬ ಲೆಕ್ಕಪರಿಶೋಧಕರು, ನಾನು ಸೇರಿ ಇದನ್ನು ಶುರು ಮಾಡಿದೆವು.

ಕಾನೂನಿನ ಹಿನ್ನೆಲೆಯನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತೇವೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಆ ನಿಯಮಗಳ ಪ್ರಕಾರ ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗುವುದು 18 ತಿಂಗಳ ನಂತರ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಈ ಅಂಕಿ ಕೇಳಿ ಗಾಬರಿಯಾಗುವವರಿಗಿಂತ ‘ನಮ್ಮದು ಕಾಗದದ ಕೆಲಸ, ನಮಗೆ ಅನ್ವಯಿಸಲ್ಲ’ ಎಂದು ನಿರಾಳವಾಗುವವರೇ ಹೆಚ್ಚು. ಕಾಗದದಲ್ಲಿ ಬರೆಸಿಕೊಂಡು ಆಮೇಲೆ ಕಂಪ್ಯೂಟರಿಗೆ ಹತ್ತಿಸಿದ ಮಾಹಿತಿಗೂ ಕಾಯ್ದೆ ಅನ್ವಯಿಸುತ್ತದೆ ಎಂದು ವಕೀಲರು ಹೇಳಿದ ಮೇಲೆ ಫಾರಂಗಳು ಬ್ಯಾಗಿನಿಂದ ಹೊರಬರುತ್ತವೆ.

ಒಂದು ಸೊಸೈಟಿಯ ಸದಸ್ಯತ್ವದ ಅರ್ಜಿಯನ್ನು ನಾವು ಗೆರೆ ಹೊಡೆದ ಬಗೆ ಹೇಳುತ್ತೇನೆ. ಅದರಲ್ಲಿ ಜಾತಿ, ಉಪಜಾತಿ, ವಾರ್ಷಿಕ ಆದಾಯ, ರಕ್ತದ ಗುಂಪು, ರೇಷನ್ ಕಾರ್ಡಿನ ನಕಲು, ನಾಮಿನಿ, ಪಾನ್, ಆಧಾರ್, ಜೊತೆಗೆ ‘ಪರಿಚಯಸ್ಥ ಇಬ್ಬರ ಹೆಸರು ಮತ್ತು ಮೊಬೈಲ್ ಸಂಖ್ಯೆ’ ಇದ್ದವು. ಪ್ರತಿ ಕಾಲಂಗೂ ನಾವು ಕೇಳುವುದು ಮೂರೇ ಪ್ರಶ್ನೆ. ಇದನ್ನು ಕೇಳು ಎಂದವರು ಯಾರು? ಯಾವ ಕೆಲಸಕ್ಕೆ ಬೇಕು? ಎಲ್ಲಿಯವರೆಗೆ ಇಟ್ಟುಕೊಳ್ಳುತ್ತೀರಿ? ನಾಮಿನಿ ಬೇಕೇ ಬೇಕು, ತಕರಾರಿಲ್ಲ. ಬಡ್ಡಿಯ ಮೇಲೆ ತೆರಿಗೆ ಕಡಿತ ಮಾಡಬೇಕಾದಲ್ಲಿ ಪಾನ್ ಬೇಕು, ಆದರೆ ಅದನ್ನು ಠೇವಣಿ ಇಡುವಾಗ ಕೇಳಿದರೆ ಸಾಕು. ಆಡಳಿತ ಮಂಡಳಿಯಲ್ಲಿ ಮೀಸಲು ಸ್ಥಾನಗಳಿರುವುದರಿಂದ ವರ್ಗ ಗೊತ್ತಿರಬೇಕು ಎಂದು ಕಾರ್ಯದರ್ಶಿ ವಾದಿಸಿದರು, ಒಪ್ಪಿದೆವು. ಹಾಗಾದರೆ ಉಪಜಾತಿ ಏಕೆ ಎಂದರೆ ಉತ್ತರ ಸಿಗಲಿಲ್ಲ. ‘ಹಿಂದಿನವರು ಮಾಡಿದ ಫಾರಂ, ನಾವು ಪ್ರಿಂಟ್ ಹಾಕಿಸ್ತಾ ಬಂದಿದ್ದೇವೆ’ ಅಂದರು. ರಕ್ತದ ಗುಂಪಿನ ಕಾಲಂ ಎಂದೋ ನಡೆದ ರಕ್ತದಾನ ಶಿಬಿರದ ಕಾಲದಿಂದ ಉಳಿದುಕೊಂಡಿತ್ತು.

ಹೆಚ್ಚು ಹೊತ್ತು ಹಿಡಿದದ್ದು ಆ ಪರಿಚಯಸ್ಥರ ಕಾಲಂ. ಸಾಲ ಕಟ್ಟದಿದ್ದರೆ ಪಕ್ಕದ ಮನೆಯವರಿಗೆ ಫೋನ್ ಮಾಡುವುದಕ್ಕಾಗಿ ಅದಿದೆ ಎಂದು ಕೊನೆಗೆ ಒಬ್ಬರು ಬಾಯಿಬಿಟ್ಟರು. ಆ ಪಕ್ಕದ ಮನೆಯವರು ಸದಸ್ಯರಲ್ಲ, ಜಾಮೀನು ಹಾಕಿದವರಲ್ಲ, ತಮ್ಮ ನಂಬರು ಅಲ್ಲಿರುವುದೇ ಅವರಿಗೆ ತಿಳಿಯದು. ಸಾಲಗಾರನ ಮರ್ಯಾದೆ ಊರಲ್ಲಿ ಹೋಗುತ್ತದೆ ಅನ್ನುವ ಹೆದರಿಕೆಯೇ ವಸೂಲಿಯ ಅಸ್ತ್ರವಾಗಿತ್ತು. ಇದು ತಪ್ಪು ಎಂದು ನಾನು ಅಲ್ಲೇ ಖಂಡಿತವಾಗಿ ಹೇಳಿದೆ. ಒಪ್ಪಿಗೆ ಕೊಟ್ಟರೂ ಅದು ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಎಂದು ಕಾಯ್ದೆಯ 6ನೇ ಸೆಕ್ಷನ್ನೇ ಹೇಳುತ್ತದೆ. ಅಲ್ಲಿರುವ ಉದಾಹರಣೆಯನ್ನು ಓದಿ ತೋರಿಸಿದೆವು: ಫೋನಿನಲ್ಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು ನಿಮ್ಮ ಕಾಂಟ್ಯಾಕ್ಟ್ ಪಟ್ಟಿಯನ್ನೂ ಕೇಳಿ, ನೀವು ಹೂಂ ಅಂದಿದ್ದರೂ ಆ ಪಟ್ಟಿಗೆ ಒಪ್ಪಿಗೆ ಇದ್ದಂತಾಗುವುದಿಲ್ಲ. ಆ ಕಾಲಂ ಹೋಯಿತು. ಎರಡು ಪುಟದ ಫಾರಂ ಒಂದು ಪುಟಕ್ಕಿಳಿಯಿತು.

ಜೆರಾಕ್ಸ್ ಅಂಗಡಿಯವರನ್ನು ಕರೆದದ್ದು ನಮ್ಮ ಒಳ್ಳೆಯ ನಿರ್ಧಾರಗಳಲ್ಲೊಂದು. ಇಂಥ ಸಭೆಗೆ ಅವರನ್ನು ಯಾರೂ ಕರೆಯುವುದಿಲ್ಲ, ಆದರೆ ತಾಲ್ಲೂಕು ಕಚೇರಿಯ ಎದುರಿನ ಅಂಗಡಿಯಷ್ಟು ಆಧಾರ್ ಕಾರ್ಡುಗಳು ಇನ್ನೆಲ್ಲೂ ಹಾದುಹೋಗುವುದಿಲ್ಲ. ಗೃಹಲಕ್ಷ್ಮಿಯ ನೋಂದಣಿ ಕಾಲದಲ್ಲಂತೂ ಅಂಗಡಿ ಮುಂದೆ ಸಾಲು ನಿಂತಿತ್ತು. ಹೀಗೆ ಬಂದ ಒಬ್ಬರು ತಮ್ಮ ಲ್ಯಾಪ್‌ಟಾಪ್ ತೆರೆದು ಡೌನ್‌ಲೋಡ್ಸ್ ಫೋಲ್ಡರ್ ತೋರಿಸಿದರು. ಪ್ರಿಂಟಿಗಾಗಿ ಜನ ವಾಟ್ಸಾಪಿನಲ್ಲಿ ಕಳಿಸಿದ ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಮಾರ್ಕ್ಸ್ ಕಾರ್ಡು, ವೈದ್ಯರ ಚೀಟಿ, ಮದುವೆಯ ಬಯೋಡೇಟಾ. ಸ್ಕ್ರೋಲ್ ಮಾಡಿದಷ್ಟೂ ಮುಗಿಯಲಿಲ್ಲ. ವಾಟ್ಸಾಪಿನ ಸಂದೇಶ 24 ಗಂಟೆಯಲ್ಲಿ ಮಾಯವಾಗುವ ಹಾಗೆ ಇಟ್ಟರೂ ಡೌನ್‌ಲೋಡ್ ಆದ ಫೈಲು ಹಾಗೇ ಉಳಿಯುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ಕೂತಿದ್ದ ಬಹಳ ಜನರಿಗೂ. ಪರಿಹಾರ ಸರಳ: ಸಂಜೆ ಶಟರ್ ಎಳೆಯುವ ಮುಂಚೆ ಆ ಫೋಲ್ಡರ್ ಮತ್ತು ರೀಸೈಕಲ್ ಬಿನ್ ಎರಡನ್ನೂ ಖಾಲಿ ಮಾಡುವುದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಡುವುದನ್ನೂ ಅವರಿಗೆ ಹೇಳಿಕೊಟ್ಟೆವು. ಈಗ ಅವರ ಗೋಡೆಯ ಮೇಲೆ ‘ನಿಮ್ಮ ದಾಖಲೆ ಸಂಜೆಗೆ ಅಳಿಸಲಾಗುತ್ತದೆ, ಬೇಕಿದ್ದರೆ ನಿಮ್ಮೆದುರೇ ಅಳಿಸುತ್ತೇವೆ’ ಎಂದು ಬರೆದಿದೆ. ಮಾಹಿತಿ ಪಡೆಯುವಾಗ ಕೊಡಬೇಕೆಂದು ಕಾಯ್ದೆ ಹೇಳುವ ನೋಟಿಸಿನ ಎಲ್ಲ ಅಂಶ ಅದರಲ್ಲಿಲ್ಲ, ಆದರೂ ದೊಡ್ಡ ಆ್ಯಪ್‌ಗಳ ಎಷ್ಟೋ ಪುಟಗಳ ಷರತ್ತಿಗಿಂತ ಪ್ರಾಮಾಣಿಕವಾಗಿದೆ.

ಮಲೆನಾಡಿಗೇ ಸೇರಿದ ಒಂದು ತೊಡಕು ಇದೆ. ಬೆಂಗಳೂರಿನಲ್ಲಿ ‘ಹೆಸರು ತೆಗೆದುಬಿಟ್ಟರೆ ಸಾಕು, ಯಾರೆಂದು ತಿಳಿಯುವುದಿಲ್ಲ’ ಎಂದರೆ ಸ್ವಲ್ಪಮಟ್ಟಿಗೆ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ತೋಟಕ್ಕೊಂದು ಮನೆ, ಗುಡ್ಡದಾಚೆ ಇನ್ನೊಂದು ಮನೆ. ಊರು, ವಯಸ್ಸು, ಗಂಡೋ ಹೆಣ್ಣೋ, ಇಷ್ಟು ಹೇಳಿದರೆ ‘ಓ, ಅವರ ಮನೆ ಸೊಸೆ’ ಎಂದು ಬಸ್ಸಿನಲ್ಲಿ ಕೂತವರು ಹೇಳಿಬಿಡುತ್ತಾರೆ. ಆರೋಗ್ಯ ಕ್ಷೇತ್ರದ ಒಬ್ಬರು ಕಾಡಿನ ಉಣ್ಣೆಯಿಂದ ಹರಡುವ ಮಂಗನ ಕಾಯಿಲೆಯ ಮಾತು ತೆಗೆದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗ ಅದು, ಇಂಗ್ಲಿಷಿನಲ್ಲಿ ಆ ಕಾಡಿನ ಹೆಸರನ್ನೇ ಹೊತ್ತಿದೆ. ಜ್ವರದ ಕಾಲದಲ್ಲಿ ಪಾಸಿಟಿವ್ ಬಂದವರ ಪಟ್ಟಿಯ ಫೋಟೋ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವುದನ್ನು ಅವರು ಕಣ್ಣಾರೆ ಕಂಡವರು. ಹೆಸರಿನ ಮೇಲೆ ಕಪ್ಪು ಬಳಿದ ಪಟ್ಟಿಯೂ ಉಪಯೋಗಕ್ಕೆ ಬರಲಿಲ್ಲವಂತೆ. ಪಟ್ಟಿಯಲ್ಲಿದ್ದವರ ಮನೆಗೆ ಅಡಿಕೆಯ ಕೊನೆಕೊಯ್ಲಿಗೆ ಆಳು ಬರುವುದು ನಿಂತಿತು, ಮಕ್ಕಳನ್ನು ಶಾಲೆಯಲ್ಲಿ ದೂರ ಕೂರಿಸಿದರು.

ಹಾಗಂತ ಮಾಹಿತಿ ಮುಚ್ಚಿಟ್ಟರೂ ಅಪಾಯವೇ. ಯಾವ ಕಾಡಿನಂಚಿನಲ್ಲಿ ಮಂಗ ಸತ್ತಿದೆ, ಎಲ್ಲಿಗೆ ಸೊಪ್ಪಿಗೆ ಹೋಗಬಾರದು ಎಂಬುದು ಜನರಿಗೆ ಆ ದಿನವೇ ತಿಳಿಯಬೇಕು. ಅವತ್ತು ಮಧ್ಯಾಹ್ನದವರೆಗೂ ಚರ್ಚೆ ನಡೆದು ಒಂದು ಕರಡು ಮಾಡಿದೆವು: ಜಾಗದ ಎಚ್ಚರಿಕೆ ಕಾಡಿನ ಗುರುತಿನೊಂದಿಗೆ ಎಲ್ಲರಿಗೂ ಹೋಗಲಿ, ರೋಗಿಗಳ ಲೆಕ್ಕ ಗ್ರಾಮ ಪಂಚಾಯಿತಿಗಿಂತ ಸಣ್ಣ ಘಟಕಕ್ಕೆ ಇಳಿಯದಿರಲಿ, ರೋಗಿಯ ವಿವರ ಚಿಕಿತ್ಸೆ ಕೊಡುವವರ ಫೋನ್ ಕರೆಯಲ್ಲಿರಲಿ, ಗುಂಪಿಗೆ ಬೇಡ. ಇಂಥದ್ದನ್ನು ಬೇರೆ ಊರಿನವರು ನಮಗೆ ಬರೆದುಕೊಡಲಾರರು, ಇಲ್ಲಿಯ ಮನೆಗಳ ಅಂತರ ಬಲ್ಲವರೇ ಬರೆಯಬೇಕು.

ಸರ್ಕಾರಿ ಮಾಹಿತಿಯ ಪಾರದರ್ಶಕತೆಯ ಕುರಿತ ಕೂಟದಲ್ಲಿ ದನಿ ಏರುತ್ತದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನೂ ಮಾಹಿತಿ ಹಕ್ಕಿನ ಅರ್ಜಿ ಹಾಕುವವರನ್ನೂ ಬೇಕೆಂದೇ ಒಂದೇ ಮೇಜಿಗೆ ಕೂರಿಸಿದ್ದೆವು. 2023ರ ಹೊಸ ಕಾಯ್ದೆಯ 44(3)ನೇ ಸೆಕ್ಷನ್ 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ಬದಲಿಸಿದೆ. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು. ಈಗ ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು. ಮನೆ ಮಂಜೂರಾದವರ ಪಟ್ಟಿ ಕೇಳಿದರೆ ಇದೇ ಕಾರಣ ಕೊಟ್ಟು ಹಿಂಬರಹ ಬರುತ್ತಿದೆ ಎಂದು ಅರ್ಜಿದಾರರು ಸಿಟ್ಟಾದರು. ಪಟ್ಟಿ ಕೊಟ್ಟು ನಾಳೆ ನನ್ನ ಮೇಲೆ ದೂರು ಬಂದರೆ ಯಾರು ನಿಲ್ಲುತ್ತಾರೆ ಎಂದು ಅಧಿಕಾರಿ ಕೇಳಿದರು. ಇಬ್ಬರ ಆತಂಕವೂ ನಿಜ. ನನ್ನ ನಿಲುವು ಸ್ಪಷ್ಟ: ಈ ತಿದ್ದುಪಡಿ ಜನರ ಕೈ ಕಟ್ಟಿದೆ. ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುವ, ಮಾಹಿತಿ ಹಕ್ಕು ಕಾಯ್ದೆಯ 8(2) ಉಳಿದಿದೆ. ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುವ ಅದೇ ಕಾಯ್ದೆಯ 4ನೇ ಸೆಕ್ಷನ್ ಇದೆ. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸಬಾರದು ಎಂದು ಆಧಾರ್ ಕಾಯ್ದೆಯ 29(4) ಹೇಳುತ್ತದೆ. ಇವನ್ನು ಜೋಡಿಸಿ ಒಂದು ಮಾದರಿ ಪಟ್ಟಿ ಬರೆದೆವು: ಹೆಸರು, ಊರು, ಯೋಜನೆ, ಮೊತ್ತ, ಮಂಜೂರಾದ ವರ್ಷ ಇರಲಿ. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್, ಕಾಯಿಲೆ ಅಥವಾ ಅಂಗವೈಕಲ್ಯದ ವಿವರ ಬೇಡ. ಅಧಿಕಾರಿಯೂ ಅರ್ಜಿದಾರರೂ ಒಂದೇ ಹಾಳೆಯನ್ನು ತಮ್ಮ ಫೈಲಿಗೆ ಹಾಕಿಕೊಂಡು ಹೋದರು.

ಆನ್‌ಲೈನ್ ಮೋಸದ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಾಗಾಗಿ ಚುಟುಕಾಗಿ ಮುಗಿಸುತ್ತೇನೆ. ಪೊಲೀಸರೆಂದು ವೀಡಿಯೊ ಕರೆಯಲ್ಲಿ ಹೆದರಿಸಿ ಹಣ ಕೀಳುವವರು ಹೇಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ವ್ಯವಹಾರದ ಸಂಖ್ಯೆ ಮತ್ತು ಸಮಯ ಕೈಯಲ್ಲಿರಲಿ. ಬೇರೆಡೆ ಕೇಳಿಬರದ ನಮ್ಮ ಸಮಸ್ಯೆ ಒಟಿಪಿಯದು. ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಊರುಗಳಲ್ಲಿ ಬ್ಯಾಂಕ್ ಖಾತೆಗೆ ಪೇಟೆಯ ನೆಂಟರದ್ದೋ ಅಂಗಡಿಯವರದ್ದೋ ನಂಬರ್ ಕೊಟ್ಟಿರುತ್ತಾರೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಏರ್ಪಾಡು, ಆದರೆ ಖಾತೆಯ ಕೀಲಿ ಇನ್ನೊಬ್ಬರ ಜೇಬಿನಲ್ಲಿರುತ್ತದೆ. ಆಧಾರ್ ಜೋಡಿಸಿದ ಖಾತೆಯಿಂದ ಹೆಬ್ಬೆಟ್ಟೊತ್ತಿ ಹಣ ತೆಗೆಯುವುದೇ ವಾಸಿ ಎನ್ನೋಣವೆಂದರೆ, ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಕದ್ದು ಹಣ ಎಳೆದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದಿವೆ. ಬೆರಳಚ್ಚು ಕೆಲಸ ಮಾಡದಂತೆ ತಡೆಯುವ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಹಾಕಿಸಿ ಎನ್ನುತ್ತೇವೆ. ರೇಷನ್ ಪಡೆಯಲು ಬೆರಳು ಒತ್ತುವ ದಿನ ಅದನ್ನು ತೆಗೆಯಬೇಕು, ತೆಗೆಯಲು ಮತ್ತೆ ನೆಟ್‌ವರ್ಕ್ ಬೇಕು. ಈ ಗಂಟು ಬಿಚ್ಚಬೇಕಾದದ್ದು ಟವರ್ ಹಾಕುವವರು. ‘ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ’ ಎಂದು ಮಲೆನಾಡಿನ ಹಳ್ಳಿಗಳು ಬೋರ್ಡು ಹಾಕಿದ್ದು ಸುಮ್ಮನೆ ಅಲ್ಲ.

ಇಂಥ ಕೂಟ ನಡೆಸಬೇಕೆನ್ನುವವರಿಗೆ ಒಂದೆರಡು ಮಾತು. ಅಡಿಕೆ ಸುಲಿಯುವ ದಿನಗಳಲ್ಲಿ ಇಡಬೇಡಿ, ಯಾರೂ ಬರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಆಗುಂಬೆ, ಹುಲಿಕಲ್ ಕಡೆಯವರಿಗೆ ರಸ್ತೆಯದ್ದೇ ಖಾತ್ರಿಯಿಲ್ಲ, ಮಾರ್ಚ್‌ನಲ್ಲಿ ಸೊಸೈಟಿಯವರಿಗೆ ತಲೆ ಎತ್ತಲು ಬಿಡುವಿಲ್ಲ. ಬ್ಯಾಂಕಿಗೆ ರಜೆ ಇರುವ ಎರಡನೇ ಶನಿವಾರ ಒಳ್ಳೆಯದು. ಹಾಜರಿ ಹಾಳೆಯಲ್ಲಿ ಫೋನ್ ನಂಬರ್ ಬರೆಸಬೇಡಿ. ಊಟಕ್ಕೆ ಎಷ್ಟು ಜನ ಎಂದು ತಿಳಿದರೆ ಸಾಕು. ಊಟದ ಖರ್ಚು ಕೊಡುತ್ತೇವೆ, ಬಂದವರ ಪಟ್ಟಿ ಕೊಡಿ ಎಂದು ಒಂದು ಕಂಪನಿ ಕೇಳಿತ್ತು. ಬೇಡವೆಂದೆವು. ಈಗ ತಲೆಗಿಷ್ಟು ಎಂದು ಹಾಕಿಕೊಂಡು ಊಟ ತರಿಸುತ್ತೇವೆ. ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಬಳಸಬಹುದು, ಯಾರು ಹೇಳಿದರು ಎಂದು ಹೇಳಬಾರದು ಎಂಬ ನಿಯಮವನ್ನು ಲಂಡನ್ನಿನ ಚಾಟಮ್ ಹೌಸ್ ಎಂಬ ಚಿಂತನಾ ಸಂಸ್ಥೆ 1927ರಲ್ಲೇ ಮಾಡಿಕೊಂಡಿತ್ತು. ನಮ್ಮ ಕೂಟದಲ್ಲೂ ಅದೇ ನಿಯಮ. ಅದು ಇಲ್ಲದಿದ್ದರೆ ಜೆರಾಕ್ಸ್ ಅಂಗಡಿಯವರು ಲ್ಯಾಪ್‌ಟಾಪ್ ತೆರೆಯುತ್ತಿರಲಿಲ್ಲ, ಕಾರ್ಯದರ್ಶಿ ಬಾಯಿ ಬಿಡುತ್ತಿರಲಿಲ್ಲ.

ಮುಂದಿನ ಕೂಟ ಶಾಲೆಗಳವರದ್ದು. 18 ವರ್ಷದೊಳಗಿನವರ ಮಾಹಿತಿಗೆ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಶಾಲೆಗಳಿಗೆ ಕಲಿಕೆ, ಸುರಕ್ಷತೆಯ ಕೆಲಸದಲ್ಲಿ ಕೆಲವು ವಿನಾಯಿತಿ ಇದೆ, ಆದರೆ ಹೊರಗಿನ ಕಂಪನಿಯ ಕಲಿಕಾ ಆ್ಯಪ್ ಹಾಕಿಸಿದಾಗ ಏನು ಮಾಡಬೇಕೆಂದು ಮುಖ್ಯ ಶಿಕ್ಷಕರು ಕೇಳುತ್ತಿದ್ದಾರೆ. ಅಪ್ಪ ಅಮ್ಮ ಬೆಂಗಳೂರಿನಲ್ಲಿ ದುಡಿಯುತ್ತ, ಮಗು ಹೊಸನಗರದ ಅಜ್ಜಿಮನೆಯಲ್ಲಿ ಓದುತ್ತಿರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಶಾಲೆಗೆ ಬಂದು ಸಹಿ ಹಾಕುವವರು ಅಜ್ಜಿ, ಆ್ಯಪ್ ಇರುವುದು ಚಿಕ್ಕಪ್ಪನ ಫೋನಿನಲ್ಲಿ. ಒಪ್ಪಿಗೆಯನ್ನು ಯಾರಿಂದ, ಹೇಗೆ ಪಡೆಯಬೇಕು ಎಂಬುದಕ್ಕೆ ವಕೀಲರು ಒಂದು ಟಿಪ್ಪಣಿ ತಯಾರಿಸುತ್ತಿದ್ದಾರೆ. ಶಿಕ್ಷಕರು ಅದನ್ನು ಓದಿ, ತಮ್ಮ ಶಾಲೆಯಲ್ಲಿ ನಡೆಯುವ ಮಾತೋ ಅಲ್ಲವೋ ಎಂದು ಹೇಳಲಿ.